ಮೊದಲ ಸ್ಥಾನ ಬಂತು, ಫೋನ್ ಬರಲಿಲ್ಲ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಹನ್ನೆರಡು ಮಷೀನಿನ ಜೀನ್ಸ್ ಹೊಲಿಯುವ ಘಟಕ. ಹೋದ ವರ್ಷ ವೆಬ್‌ಸೈಟ್ ಮಾಡಿಸಿದೆವು. ಹತ್ತು ಕೀವರ್ಡ್‌ಗಳಿಗೆ, ಅಂದರೆ ಜನ ಟೈಪ್ ಮಾಡಿ ಹುಡುಕುವ ಮಾತುಗಳಿಗೆ, ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ ಅಂತ ಒಬ್ಬರು 18,000 ರೂಪಾಯಿ ತಗೊಂಡರು. ಹೇಳಿದ ಹಾಗೆ ಮೊದಲೇ ಬರುತ್ತಿದ್ದೇವೆ. ಆದರೆ ಆರು ತಿಂಗಳಲ್ಲಿ ವೆಬ್‌ಸೈಟ್ ನೋಡಿ ಒಬ್ಬರೂ ಫೋನ್ ಮಾಡಿಲ್ಲ. ಎಲ್ಲಿ ತಪ್ಪಾಗಿದೆ? ಕೀವರ್ಡ್ ಪಟ್ಟಿ, ಬಿಲ್ಲು ಎರಡನ್ನೂ ಕಳಿಸಿದ್ದೇನೆ.
– ಒಬ್ಬ ಓದುಗ, ಬಳ್ಳಾರಿ

ಉತ್ತರ: ಪಟ್ಟಿ ನೋಡಿ ಬೇಜಾರಾಯಿತು. ಮೂರನೆಯ ಸಾಲು ಹೀಗಿದೆ: ‘ಬೆಸ್ಟ್ ಪ್ರೀಮಿಯಂ ಡೆನಿಮ್ ಗಾರ್ಮೆಂಟ್ ಸೊಲ್ಯೂಷನ್ಸ್ ಬಳ್ಳಾರಿ’. ಹೊಸಪೇಟೆಯಲ್ಲೋ ಸಿಂಧನೂರಿನಲ್ಲೋ ಬಟ್ಟೆ ಅಂಗಡಿ ಇಟ್ಟವರು ಹೀಗೆ ಟೈಪ್ ಮಾಡುತ್ತಾರಾ? ಈ ಮಾತನ್ನು ಬೇರೆ ಯಾರೂ ತಮ್ಮ ಪುಟದಲ್ಲಿ ಬರೆದಿಲ್ಲ, ಅದಕ್ಕೆ ನಿಮ್ಮ ಪುಟ ಮೇಲೆ ಬಂದಿದೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಎಂದು ಗೂಗಲ್ ತಾನೇ ಹೇಳಿದೆ. ಬಿಲ್ಲಿನಲ್ಲಿರುವ ‘ಮೆಟಾ ಕೀವರ್ಡ್’ ಖರ್ಚೂ ದಂಡ. ಅದು ಓದುವವರಿಗೆ ಕಾಣದ ಹಾಗೆ ಪುಟದ ಕೋಡ್‌ನಲ್ಲಿ ಬರೆದಿಡುವ ಕೀವರ್ಡ್ ಪಟ್ಟಿ. ಅದನ್ನು ಸ್ಥಾನ ಕೊಡಲು ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ತಿಳಿಸಿತ್ತು.

ಗೂಗಲ್ ಹುಡುಕಾಟದಲ್ಲಿ ನಿಮ್ಮ ವೆಬ್‌ಸೈಟ್ ಹೇಗೆ ಕಾಣಿಸುತ್ತಿದೆ ಅಂತ ಲೆಕ್ಕ ಕೊಡುವ ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಅದರ ಪರ್ಫಾರ್ಮೆನ್ಸ್ ಪುಟ ತೆರೆಯಿರಿ. ಯಾವ ಮಾತಿಗೆ ನಿಮ್ಮ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ, ಎಲ್ಲ ಅಲ್ಲಿದೆ. ಸ್ಥಾನ 1, ಕಾಣಿಸಿದ್ದು 4 ಸಲ ಅಂತಿದ್ದರೆ ಆ ನಾಲ್ಕರಲ್ಲಿ ನೀವೇ ಹುಡುಕಿ ನೋಡಿದ್ದೂ ಸೇರಿರಬಹುದು. ತೀರಾ ಅಪರೂಪದ ಮಾತುಗಳನ್ನು ಅದು ತೋರಿಸುವುದೇ ಇಲ್ಲ.

ಹಾಗಂತ ಉದ್ದನೆಯ ಮಾತುಗಳನ್ನೇ ಬಿಟ್ಟುಬಿಡಬೇಡಿ, ನಿಮ್ಮಂಥ ಸಣ್ಣ ಘಟಕಕ್ಕೆ ದಾರಿ ಇರುವುದೇ ಅಲ್ಲಿ. ದಿನವೂ ಗೂಗಲ್‌ನಲ್ಲಿ ನಡೆಯುವ ಹುಡುಕಾಟದಲ್ಲಿ ಸುಮಾರು 15% ಹಿಂದೆಂದೂ ಕೇಳಿರದ ಮಾತುಗಳು ಎಂದು ಗೂಗಲ್ ಹೇಳಿದೆ. ಬರೀ ‘ಜೀನ್ಸ್’ ಅಂತ ಹುಡುಕಿದರೆ ದೊಡ್ಡ ದೊಡ್ಡ ಕಂಪನಿಗಳ ಮುಂದೆ ನೀವು ಕಾಣುವುದಿಲ್ಲ. ಆದರೆ ‘44 ಸೈಜ್ ಸ್ಟ್ರೆಚ್ ಜೀನ್ಸ್ ಹೋಲ್‌ಸೇಲ್ 50 ಪೀಸ್’ ಅಂತ ಕೇಳುವವರಿಗೆ ಏನು ಬೇಕು ಅಂತ ಚೆನ್ನಾಗಿ ಗೊತ್ತು. ತಿಂಗಳಿಗೆ ಇಂಥ ಮೂರು ಜನ ಬಂದರೂ ಸಾಕಲ್ವಾ?

ಆ ಮಾತುಗಳು ನಿಮ್ಮ ವಾಟ್ಸಾಪಿನಲ್ಲೇ ಇವೆ. ಹಳೇ ಮೆಸೇಜುಗಳನ್ನು ಒಂದು ಸಂಜೆ ಕೂತು ಓದಿ. ‘ಅಣ್ಣಾ, ವಾಷಿಂಗ್ ಸೇರಿ ಎಷ್ಟು ಬೀಳುತ್ತೆ?’ ‘ನಮ್ಮ ಬಟ್ಟೆ ಕೊಟ್ಟರೆ ಹೊಲಿದು ಕೊಡ್ತೀರಾ?’ ‘ಕಡಿಮೆ ಅಂದ್ರೆ ಎಷ್ಟು ಪೀಸ್ ತಗೋಬೇಕು?’ ಹೀಗೆ ಗಿರಾಕಿ ಕೇಳಿದ್ದನ್ನು ಕೇಳಿದ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಆದೋನಿ, ಅನಂತಪುರದ ಕಡೆಯವರು ತೆಲುಗನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದ್ದರೆ ಅದನ್ನೂ ಸೇರಿಸಿ.

ಆಮೇಲೆ ಒಂದೇ ಒಂದು ಪುಟ ಮಾಡಿ. ದೊಡ್ಡ ಸೈಜ್ ಜೀನ್ಸ್ ಬಗ್ಗೆ ಅಂತಲೇ ಇಟ್ಟುಕೊಳ್ಳಿ. ಯಾವ ಸೈಜಿನವರೆಗೆ ಹೊಲಿಯುತ್ತೀರಿ, ಕನಿಷ್ಠ ಎಷ್ಟು ಪೀಸ್, ವಾಷಿಂಗ್ ಸೇರಿ ದರ ಎಷ್ಟರಿಂದ ಎಷ್ಟು, ಎಷ್ಟು ದಿನದಲ್ಲಿ ಲಾರಿಗೆ ಹಾಕುತ್ತೀರಿ ಎಂದು ಬರೆಯಿರಿ. ಫೋಟೋ ನಿಮ್ಮ ಕಟಿಂಗ್ ಟೇಬಲ್ ಮೇಲೆ ಇಟ್ಟು ತೆಗೆದದ್ದೇ ಇರಲಿ, ಸೊಂಟಕ್ಕೆ ಟೇಪ್ ಹಿಡಿದು ಅಳತೆ ಕಾಣುವ ಹಾಗೆ. ಊರಿನ ಹೆಸರು ಮಾತ್ರ ಬದಲಿಸಿ ಐವತ್ತು ಪುಟ ಮಾಡಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಖಂಡಿತ ಬೇಡ ಅನ್ನಿ, ಗೂಗಲ್ ಅದನ್ನು ಸ್ಪ್ಯಾಮ್ ಅಂತಲೇ ಲೆಕ್ಕ ಹಾಕುತ್ತದೆ. ಮ್ಯಾಪಿನಲ್ಲಿ ಘಟಕ ಕಾಣಿಸಲು ಬೇಕಾದ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೂ ದುಡ್ಡು ಕೊಡಬೇಕಿಲ್ಲ.

ಎರಡು ತಿಂಗಳು ಬಿಟ್ಟು ಸರ್ಚ್ ಕನ್ಸೋಲಿನಲ್ಲಿ ಈ ಹೊಸ ಪುಟದ ಲೆಕ್ಕ ತೆಗೆದು ನನಗೆ ಕಳಿಸಿ. ಫೋನ್ ಮಾಡಿದವರನ್ನು ‘ಏನಂತ ಹುಡುಕಿದ್ರಿ?’ ಅಂತ ಕೇಳಿ, ಅದನ್ನೂ ಬರೆದು ಕಳಿಸಿ.