ಶಾಲೆಯಲ್ಲಿ ಭೂಕಂಪದ ಮಾಕ್ ಡ್ರಿಲ್ ಮಾಡಿಸುವುದರಿಂದ ನಿಜವಾಗಲೂ ಉಪಯೋಗ ಇದೆಯಾ?

ನಿಮ್ಮ ಮಗಳ ಶಾಲೆಯಲ್ಲಿ ವರ್ಷಕ್ಕೊಮ್ಮೆ ಗಂಟೆ ಹೊಡೆಯುತ್ತಾರೆ, ಮಕ್ಕಳು ನಗುತ್ತಾ ಮೈದಾನಕ್ಕೆ ಓಡುತ್ತಾರೆ, ಫೋಟೋ ತೆಗೆದರೆ ಮುಗಿಯಿತು ಅಂತ ಬರೆದಿದ್ದೀರಿ. ನಾನು ಮೇಷ್ಟ್ರು, ಕೆಲವು ವರ್ಷ ಈ ಡ್ರಿಲ್ ನನ್ನ ತಲೆಗೇ ಕಟ್ಟಿದ್ದರು. ಮಕ್ಕಳು ನಗೋದರಲ್ಲಿ ತೊಂದರೆ ಏನಿಲ್ಲ. ಓಡೋದೇ ತೊಂದರೆ.

ನಮ್ಮ ಮೊದಲ ಡ್ರಿಲ್ ಕಥೆ ಕೇಳಿ. ಶಾಲೆ ಬಿಡುವಾಗ ಹೊಡೆಯುವ ಗಂಟೆಯನ್ನೇ ಹೊಡೆದೆವು. ಮಕ್ಕಳು ಆರಾಮಾಗಿ ಬ್ಯಾಗು ಹೆಗಲಿಗೇರಿಸಿಕೊಂಡು, ನೀರಿನ ಬಾಟಲಿ ಹುಡುಕಿಕೊಂಡು ಹೊರಟರು! ಮೆಟ್ಟಿಲಿನ ತಿರುವಿನಲ್ಲಿ ಎರಡು ಮಹಡಿಯವರು ಒಟ್ಟಿಗೆ ಬಂದು ಸಿಕ್ಕಿಹಾಕಿಕೊಂಡರು. ಹಿಂದಿನ ಬಾಗಿಲಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಆದರೂ ‘ಡ್ರಿಲ್ ಯಶಸ್ವಿ’ ಅಂತ ವರದಿ ಕಳಿಸಿದೆವು. ಅದಕ್ಕೆ ನಾನೂ ಸಹಿ ಹಾಕಿದ್ದೆ.

ಬೆಂಕಿಯ ಡ್ರಿಲ್ ಬೇರೆ, ಭೂಕಂಪದ್ದೇ ಬೇರೆ. ಬೆಂಕಿ ಬಿದ್ದರೆ ತಕ್ಷಣ ಹೊರಗೆ ಹೋಗಬೇಕು. ನೆಲ ಅಲುಗುವಾಗ ಮೊದಲು ಇದ್ದಲ್ಲೇ ಬಗ್ಗಿ, ಗಟ್ಟಿ ಮೇಜಿನ ಕೆಳಗೆ ಸೇರಿ, ಅದರ ಕಾಲು ಹಿಡಿದುಕೊಳ್ಳಬೇಕು. ಹಿಡಿದುಕೊಳ್ಳೋದನ್ನು ಮಕ್ಕಳು ಬಿಟ್ಟೇಬಿಡುತ್ತಾರೆ. ಮೇಜು ಜರುಗಿದರೆ ತಲೆ ಬಯಲಾಯಿತು, ಅಲ್ವಾ? ಅಲುಗಾಟ ನಿಂತ ಮೇಲೆ ಸಾಲಾಗಿ ಹೊರಗೆ. ಮರುಕಂಪನ ಬರಬಹುದು, ಹಾಗಾಗಿ ಬ್ಯಾಗಿಗೆ ಅಂತ ಯಾರೂ ಒಳಗೆ ಹೋಗಬಾರದು. ಮೇಷ್ಟ್ರ ಕೈಯಲ್ಲಿ ಹಾಜರಿ ಪುಸ್ತಕ ಇರಬೇಕು. ಮೈದಾನದಲ್ಲಿ ಹೆಸರು ಕೂಗಿ ನೋಡಿದಾಗಲೇ ಶೌಚಾಲಯದಲ್ಲಿ ಒಬ್ಬ ಉಳಿದಿದ್ದಾನೆ ಅಂತ ಗೊತ್ತಾಗೋದು.

ಇಷ್ಟೆಲ್ಲ ಕಲಿಸಿದರೂ ಕಟ್ಟಡ ಗಟ್ಟಿ ಇಲ್ಲದಿದ್ದರೆ ಪ್ರಯೋಜನ ಕಮ್ಮಿ. 2008ರ ಮೇ 12ರಂದು ಚೀನಾದ ಸಿಚುವಾನ್‌ನಲ್ಲಿ ಭೂಕಂಪ ಆದಾಗ ಶಾಲೆಗಳು ಕುಸಿದು ಸಾವಿರಾರು ಮಕ್ಕಳು ಸತ್ತರು. ಅದೇ ಪ್ರಾಂತ್ಯದ ಸಾಂಗ್‌ಝಾವೊ ಶಾಲೆಯಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳು ಸುಮಾರು ಒಂದೂವರೆ ನಿಮಿಷದಲ್ಲಿ ಹೊರಗೆ ಬಂದರು. ಒಬ್ಬರೂ ಸಾಯಲಿಲ್ಲ. ಅಲ್ಲಿನ ಮುಖ್ಯೋಪಾಧ್ಯಾಯ ಯೆ ಝೀಪಿಂಗ್ ಡ್ರಿಲ್ ಮಾಡಿಸುತ್ತಿದ್ದರು ನಿಜ. ಆದರೆ ಅದಕ್ಕೂ ಮುಂಚೆ ವರ್ಷಗಟ್ಟಲೆ ಬೆನ್ನು ಹತ್ತಿ ದುರ್ಬಲ ಕಟ್ಟಡವನ್ನು ಭದ್ರ ಮಾಡಿಸಿದ್ದರು. ಸುದ್ದಿಯವರಿಗೆ ನೆನಪಿರೋದು ಬರೀ ಒಂದೂವರೆ ನಿಮಿಷ.

ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ 1933ರ ಮಾರ್ಚ್ 10ರ ಸಂಜೆ ಹೀಗೇ ಎಷ್ಟೋ ಶಾಲೆಗಳು ಬಿದ್ದವು. ಮಕ್ಕಳು ಮನೆಗೆ ಹೋಗಿಯಾಗಿತ್ತು, ಬಚಾವಾದರು. ಶಾಲೆ ಹೇಗೆ ಕಟ್ಟಬೇಕು ಅಂತ ಒಂದೇ ತಿಂಗಳಲ್ಲಿ ಕಾನೂನು ಬಂತು.

ಕಟ್ಟಡವನ್ನು ಎಂಜಿನಿಯರ್ ನೋಡಿದ್ದಾರಾ ಅಂತ ನೀವು ಪೋಷಕರ ಸಭೆಯಲ್ಲಿ ಕೇಳಿ. ತರಗತಿಯ ಎತ್ತರದ ಬೀರುಗಳನ್ನು ಗೋಡೆಗೆ ಬಿಗಿಸಿದ್ದಾರಾ ಅಂತಲೂ ಕೇಳಿ. ಅದಕ್ಕೆ ನಾಲ್ಕು ಸ್ಕ್ರೂ ಸಾಕು, ಆದರೂ ಯಾರೂ ಮಾಡಿರಲ್ಲ.

ಇನ್ನೊಂದು. ಒಮ್ಮೆಯಾದರೂ ಡ್ರಿಲ್ ಅನ್ನು ಮುಂಚೆ ಹೇಳದೆ, ಊಟದ ಬಿಡುವಿನಲ್ಲಿ ಮಾಡಿಸಲು ಹೇಳಿ. ನಾವು ಹಾಗೆ ಮಾಡಿದಾಗ ವರಾಂಡದಲ್ಲಿದ್ದ ಮಕ್ಕಳೆಲ್ಲ ಸುಮ್ನೆ ನಿಂತು ನಮ್ಮ ಮುಖ ನೋಡಿದರು. ಮೇಜಿಲ್ಲದ ಕಡೆ ಕಿಟಕಿಯಿಂದ ದೂರ, ಒಳಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆ, ಕತ್ತು ಎರಡನ್ನೂ ಕೈಯಿಂದ ಮುಚ್ಚಿಕೊಳ್ಳಬೇಕು ಅಂತ ನಾವು ಹೇಳಿಕೊಟ್ಟೇ ಇರಲಿಲ್ಲ.