ಚಂದ್ರ, ಕಮಲ ಬಿಟ್ಟು ಹೆಂಡತಿಯ ಮೇಲೆ ಕವನ ಬರೆಯೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಹೆಂಡತಿಯ ಹುಟ್ಟುಹಬ್ಬಕ್ಕೆ ಕವನ ಬರೆಯಬೇಕು, ಆದರೆ ಚಂದ್ರ, ಕಮಲ, ಕೋಗಿಲೆ ಬಿಟ್ಟು ಏನೂ ಹೊಳೆಯುತ್ತಿಲ್ಲ ಅಂದಿದ್ದೀರಿ. ನಾನೂ ಅದೇ ಹಳ್ಳಕ್ಕೆ ಬಿದ್ದವನು. ಮದುವೆಯಾದ ಹೊಸದರಲ್ಲಿ 'ನಿನ್ನ ಮುಖ ಹುಣ್ಣಿಮೆ ಚಂದ್ರ' ಅಂತ ಬರೆದು ಕೊಟ್ಟೆ. ನನ್ನವಳು ಓದಿ, "ಚಂದ್ರನಲ್ಲಿ ಕಲೆ ಇರುತ್ತಲ್ಲ, ನನ್ನ ಮೊಡವೆ ನೋಡಿ ಬರೆದಿದ್ದಾ?" ಅಂದಳು. ಆ ಹಾಳೆಯ ಹಿಂದೆ ಆಮೇಲೆ ಹಾಲಿನ ಲೆಕ್ಕ ಬಂತು.

ತಪ್ಪು ಚಂದ್ರನದ್ದಲ್ಲ. ಹೋಲಿಸೋಕೆ ಹೊರಟಿದ್ದೇ ತಪ್ಪು ಅಂತ ನನಗೆ ಈಗ ಅನ್ನಿಸುತ್ತದೆ. 'ಚಂದ್ರನ ಹಾಗೆ' ಅಂದ ಕೂಡಲೇ ಓದುವವರಿಗೆ ಚಂದ್ರ ಕಾಣುತ್ತಾನೆ, ಹೆಂಡತಿ ಕಾಣೋದಿಲ್ಲ. ಆ ಸಾಲನ್ನು ಯಾರ ಹೆಂಡತಿಗೆ ಬೇಕಾದರೂ ಕೊಡಬಹುದು.

ಕೆ.ಎಸ್. ನರಸಿಂಹಸ್ವಾಮಿಯವರ 'ರಾಯರು ಬಂದರು' ಪದ್ಯವನ್ನು ಹಾಡಾಗಿ ಕೇಳಿಯೇ ಇರುತ್ತೀರಿ. 1942ರಲ್ಲಿ ಬಂದ 'ಮೈಸೂರು ಮಲ್ಲಿಗೆ'ಯಲ್ಲಿದೆ. ಅಲ್ಲೂ ಹುಣ್ಣಿಮೆ ಚಂದ್ರ ಇದ್ದಾನೆ. ಆದರೆ ಅವನ ಪಾಡಿಗೆ ಆಕಾಶದಲ್ಲಿದ್ದಾನೆ, ಯಾರ ಮುಖಕ್ಕೂ ಬಂದು ಕೂತಿಲ್ಲ. ಮಾವನ ಮನೆ ತುಂಬ ಮಲ್ಲಿಗೆಯ ಪರಿಮಳ. ಕಾಲಿಗೆ ಬಿಸಿನೀರು ಬರುತ್ತದೆ, ಊಟಕ್ಕೆ ಗಸಗಸೆ ಪಾಯಸ. ಎಲ್ಲ ಇದೆ, ರಾಯರ ಹೆಂಡತಿ ಪದುಮಳ ಬಳೆಯ ಸದ್ದು ಮಾತ್ರ ಇಲ್ಲ. ಆ ಕಾಲದಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗಿರುತ್ತಿದ್ದರಲ್ಲ, ಇದು ಆ ಲೆಕ್ಕ ಅಂತ ಓದುಗರು ಅರ್ಥ ಮಾಡಿಕೊಳ್ಳುತ್ತಾರೆ. ಕವಿ ಬಾಯಿಬಿಟ್ಟು ಹೇಳೋದಿಲ್ಲ. ಬೆಳಗ್ಗೆ ರಾಯರು ಮುನಿಸಿಕೊಂಡು ಹೊರಟಾಗ ಕೊನೆಗೆ ಪದುಮ ಬರುತ್ತಾಳೆ, ಹೂ ಮುಡಿಯುತ್ತಾ. ಅವಳ ಕಣ್ಣು ಹೇಗೆ, ಮೂಗು ಹೇಗೆ? ಗೊತ್ತಿಲ್ಲ. ಆದರೂ ಅವಳು ಚೆಲುವೆ ಅನ್ನೋದರಲ್ಲಿ ನನಗೆ ಒಂಚೂರೂ ಅನುಮಾನ ಇಲ್ಲ. ರಾತ್ರಿಯೆಲ್ಲ ಇಡೀ ಮನೆ ಅವಳಿಲ್ಲ ಅಂತ ಹೇಳಿದೆಯಲ್ಲ!

ಇನ್ನೂ ಹಿಂದಕ್ಕೆ, 12ನೇ ಶತಮಾನಕ್ಕೆ ಹೋದರೆ ಅಕ್ಕಮಹಾದೇವಿ. ಅವಳ ನಲ್ಲ ದೇವರು, ಚೆನ್ನಮಲ್ಲಿಕಾರ್ಜುನ. ನಿಮ್ಮ ಪಟ್ಟಿಯ ಕೋಗಿಲೆ ಅವಳ ವಚನದಲ್ಲೂ ಇದೆ. ಜೊತೆಗೆ ಗಿಳಿ, ತುಂಬಿ, ಹಂಸ, ನವಿಲು. ಅವಳು ಅವನನ್ನು ಇವುಗಳಿಗೆ ಹೋಲಿಸೋದಿಲ್ಲ. 'ನೀವು ಕಾಣಿರೆ, ನೀವು ಕಾಣಿರೆ' ಅಂತ ಒಂದೊಂದನ್ನೂ ಕೇಳಿಕೊಂಡು ಹೋಗುತ್ತಾಳೆ. ಕಳೆದುಹೋದ ಮಗುವನ್ನು ಜಾತ್ರೆಯಲ್ಲಿ ಹುಡುಕುವವರು ಸಿಕ್ಕವರನ್ನೆಲ್ಲ ಕೇಳುವ ಹಾಗೆ. ಬೇರೊಂದು ವಚನದಲ್ಲಿ ಅವನ ಕೆಂಜೆಡೆ, ನಗೆಮೊಗ ಎಲ್ಲ ಇದೆ. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಈ 'ಕಾಣಿರೆ'.

ಹಾಗಾಗಿ, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಬರೆಯಬೇಡಿ. ಅವರು ತವರಿಗೆ ಹೋದಾಗ ಬರೆಯಿರಿ. ಅಷ್ಟು ಟೈಮ್ ಇಲ್ಲ ಅಂದ್ರೆ ಮಾರ್ಕೆಟ್ಟಿಗೆ ಹೋದ ಒಂದು ಗಂಟೆಯೂ ಸಾಕು. ಆಗ ಕಣ್ಣಿಗೆ ಬಿದ್ದ ಗಿಡವೋ ಮಳೆಯೋ ಏನಿದೆಯೋ ಅದನ್ನು ಇದ್ದ ಹಾಗೇ ಇಡಿ.

ನನ್ನ ಎರಡನೇ ಪ್ರಯತ್ನ ಹಾಗೇ ಆಗಿದ್ದು. ಅವಳು ಊರಿಗೆ ಹೋಗಿ ನಾಲ್ಕು ದಿನವಾಗಿತ್ತು. ಸಂಜೆ ಹೂವಿನವಳು ಬಂದಳು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಅವಳು ಮೊಣಕೈಯಿಂದ ಬೆರಳ ತುದಿಗೆ ಮೊಗ್ಗಿನ ದಂಡೆ ಅಳೆದು, ಒಂದು ಗೇಣು ಕೊಸರು ಹಾಕಿ, ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟಳು. ಬರೆದದ್ದು ಇಷ್ಟೇ:

ಸಂಜೆ ಆರಕ್ಕೆ ಹೂವಿನವಳು ಬಂದಳು,
ಮೊಳ ಹಾಕಿದಳು. ನೀನಿಲ್ಲ ಅಂತ ನಾ ಹೇಳಲಿಲ್ಲ.
ರಾತ್ರಿ ಮೊಗ್ಗು ಬಿರಿದು ಮನೆಯೆಲ್ಲ ಘಮ್ಮೆಂದಿತು.
ನೀರು ಚಿಮುಕಿಸಿಟ್ಟೆ. ಮುಡಿಯುವವರಿಲ್ಲ.

ದೊಡ್ಡ ಕವಿತೆಯೇನಲ್ಲ ಬಿಡಿ. ವಾಪಸ್ ಬಂದವಳು ಎರಡು ಸಲ ಓದಿದಳು. ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದಳು: "ಮೊಳಕ್ಕೆ ಎಷ್ಟು ಕೊಟ್ರಿ?"