ತಂಗುದಾಣ ಬಂತು, ಬಸ್ಸು ಎಲ್ಲಿ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಉಳಿದ ಓದುಗರಿಗಾಗಿ ಅದರಲ್ಲಿರುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮೂರ ಗೇಟಿನಲ್ಲಿ ಶಾಸಕರ ನಿಧಿಯಿಂದ ಹೊಸ ಬಸ್ ತಂಗುದಾಣ ಆಗಿದೆ. ಗ್ರಾನೈಟ್ ಕಟ್ಟೆ, ಸ್ಟೀಲ್ ಕಂಬಿ, ಮೇಲೆ ಶಾಸಕರು ಕೈಮುಗಿದು ನಿಂತ ಫೋಟೋ. ಆದರೆ ಬೆಳಿಗ್ಗೆ ಏಳೂವರೆಗೆ ಬರುತ್ತಿದ್ದ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದರ ಹಿಂದಿನ ಬಸ್ಸು ಬಾಗಿಲವರೆಗೆ ತುಂಬಿಕೊಂಡು ಬಂದು, ನಿಲ್ಲಿಸದೆ ಹೋಗುತ್ತದೆ. ಪಿಯು ಕಾಲೇಜಿನ ಹುಡುಗಿಯರಿಗೆ ಮೊದಲ ಪೀರಿಯಡ್ ಸಿಗುತ್ತಿಲ್ಲ. "ಸಾರಿಗೆ ವಿಷಯದಲ್ಲಿ ಶಾಸಕರು ಮೊದಲು ಏನು ಮಾಡಬೇಕು? ಅವರ ಕೈಲಿ ಏನಾದರೂ ಆಗುತ್ತಾ?" ಅಂತ ಕೇಳಿದ್ದೀರಿ. ಊರಿನ ಹೆಸರನ್ನೂ ಶಾಸಕರ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ. ರಾಜ್ಯದ 224 ಕ್ಷೇತ್ರಗಳಲ್ಲಿ ಇದು ನಮ್ಮೂರಿನದೇ ಕಥೆ ಅನ್ನುವವರು ಬಹಳ ಜನ ಇದ್ದಾರೆ.

ನಮ್ಮಲ್ಲಿ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದ್ದು 5 ಕೋಟಿ. ಈ ದುಡ್ಡಿನಲ್ಲಿ ಕಟ್ಟಡ ಕಟ್ಟಿಸಬಹುದು, ರಸ್ತೆ ಮಾಡಿಸಬಹುದು. ಡ್ರೈವರ್ ಸಂಬಳಕ್ಕೋ ಡೀಸೆಲ್ಲಿಗೋ ಕೊಡಲು ಬರುವುದಿಲ್ಲ. ತಂಗುದಾಣವಾದರೆ ಒಂದು ಸಲ ಬಿಲ್ಲಾದರೆ ಮುಗಿಯಿತು, ಹೆಸರೂ ಉಳಿಯಿತು. ಬಸ್ಸಿಗೆ ದಿನಾ ಖರ್ಚು, ಯಾರ ಹೆಸರೂ ಉಳಿಯುವುದಿಲ್ಲ. ಹಾಗಾಗಿ ಊರೂರಿಗೆ ತಂಗುದಾಣ ಬರುತ್ತದೆ, ಟ್ರಿಪ್ ಬರುವುದಿಲ್ಲ.

ಟ್ರಿಪ್ ತಪ್ಪುವುದು ಹೇಗೆ ಅಂತಲೂ ಹೇಳುತ್ತೇನೆ. ಡಿಪೋದಿಂದ ಒಂದು ಶೆಡ್ಯೂಲ್ ಹೊರಡಬೇಕಾದರೆ ಬಸ್ಸು, ಡ್ರೈವರ್, ಕಂಡಕ್ಟರ್ ಮೂರೂ ಹೊಂದಬೇಕು. ಒಬ್ಬ ಡ್ರೈವರ್ ರಜೆ ಹಾಕಿದ, ಒಂದು ಬಸ್ಸು ರಿಪೇರಿಗೆ ನಿಂತಿತು ಅಂದರೆ ಎಲ್ಲಾದರೂ ಕತ್ತರಿ ಬೀಳಲೇಬೇಕು. ಬೆಂಗಳೂರಿಗೆ ಹೋಗುವ ಬಸ್ಸನ್ನು ಯಾರೂ ಮುಟ್ಟುವುದಿಲ್ಲ, ಕಿಲೋಮೀಟರಿಗೆ ಅದರ ಗಳಿಕೆ ಜಾಸ್ತಿ. ಕಡಿಯುವುದು ಹಳ್ಳಿ ಟ್ರಿಪ್ಪನ್ನೇ. ಇನ್ನು ಪಕ್ಷದ ಸಮಾವೇಶ ಇದ್ದ ದಿನ ಗುತ್ತಿಗೆಗೆ ಬಸ್ಸುಗಳು ಹೋಗುತ್ತವಲ್ಲ, ಆವತ್ತು ನಿಮ್ಮೂರಿನ ಬಸ್ಸು ಯಾವ ಮೈದಾನದಲ್ಲಿ ನಿಂತಿರುತ್ತದೆ ಅಂತ ನಾನು ಹೇಳಬೇಕಾ?

ಶಕ್ತಿ ಯೋಜನೆ ನಿಲ್ಲಿಸಿದರೆ ರಶ್ಶು ತಾನಾಗೇ ಇಳಿಯುತ್ತದೆ ಅಂತ ನಿಮ್ಮ ಮಗ ವಾದ ಮಾಡುತ್ತಾನೆ ಅಂದಿರಿ. ಇಳಿಯಬಹುದು. ಆದರೆ ಬಸ್ಸಿನಿಂದ ಇಳಿಯುವವರು ನೀವು ಬರೆದ ಆ ಹುಡುಗಿಯರೇ ಅಲ್ವಾ? 2023ರ ಜೂನ್ 11ರಿಂದ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹಾಗಂತ ಅದು ಪುಕ್ಕಟೆಯೇನೂ ಅಲ್ಲ. ಕಂಡಕ್ಟರ್ ಹರಿದುಕೊಡುವ ಒಂದೊಂದು ಶೂನ್ಯ ಟಿಕೆಟ್ಟಿನ ಬೆಲೆಯನ್ನೂ ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಜನ ಹೆಚ್ಚಾದ ಹಾಗೆ ಬಸ್ಸೂ ಹೆಚ್ಚಬೇಕು, ಕೊಡುವ ದುಡ್ಡು ಹೊತ್ತಿಗೆ ಸರಿಯಾಗಿ ಬರಬೇಕು. ಎಡವಟ್ಟು ಇರುವುದು ಅಲ್ಲಿ.

2025ರ ಜನವರಿ 5ರಿಂದ ಟಿಕೆಟ್ ದರ ಶೇ 15 ಏರಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಾಲ್ಕು ನಿಗಮಗಳು ಭವಿಷ್ಯನಿಧಿ, ಡೀಸೆಲ್ ಬಾಕಿ ತೀರಿಸಲು ಬ್ಯಾಂಕಿನಿಂದ 2,000 ಕೋಟಿ ಸಾಲ ಎತ್ತುವುದಕ್ಕೆ ಸರ್ಕಾರ ಖಾತರಿ ಕೊಟ್ಟಿತು. ಆ ಆಗಸ್ಟ್‌ನಲ್ಲಿ ನೌಕರರು ಮುಷ್ಕರಕ್ಕೆ ಇಳಿದಾಗ ಅವರ ಮುಖ್ಯ ಬೇಡಿಕೆ 38 ತಿಂಗಳ ವೇತನದ ಹಿಂಬಾಕಿ. ಹಳೇ ಬಾಕಿಗೆ ಸಾಲ ಎತ್ತುವ ನಿಗಮ ನಿಮ್ಮೂರಿಗೆ ಹೊಸ ಬಸ್ಸು ಎಲ್ಲಿಂದ ತರುತ್ತದೆ ಹೇಳಿ.

ಅದಕ್ಕೇ ನನ್ನ ಮಟ್ಟಿಗೆ ಶಾಸಕರ ಮೊದಲ ಕೆಲಸ ವಿಧಾನಸಭೆಯಲ್ಲಿದೆ. ಬಜೆಟ್ ಅಧಿವೇಶನದಲ್ಲಿ ಎದ್ದುನಿಂತು, ಶಕ್ತಿಯ ಲೆಕ್ಕದಲ್ಲಿ ನಿಗಮಗಳಿಗೆ ಎಷ್ಟು ಬರಬೇಕಿತ್ತು, ಎಷ್ಟು ಬಂತು, ವಿದ್ಯಾರ್ಥಿ ಪಾಸಿನ ಬಾಬ್ತು ಎಷ್ಟು ಬಾಕಿ ಅಂತ ಕೇಳಬೇಕು. ಚುಕ್ಕೆ ಗುರುತಿನ ಪ್ರಶ್ನೆ ಹಾಕಿ, ಅದು ಸರದಿಗೆ ಬಂದರೆ ಮಂತ್ರಿಗಳು ಸದನದಲ್ಲೇ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆಯನ್ನೂ ಎದುರಿಸಬೇಕು. "ಮಾಡಿಕೊಡುತ್ತೇವೆ" ಅಂತ ಅವರು ಒಪ್ಪಿಕೊಂಡರೆ ಅದರ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಇದಕ್ಕೆ ಟೇಪು ಕತ್ತರಿಸುವ ಕಾರ್ಯಕ್ರಮ ಇರುವುದಿಲ್ಲ, ನಿಜ.

ಎರಡನೆಯ ಜಾಗ ತಾಲ್ಲೂಕಿನ ಕೆಡಿಪಿ ಸಭೆ, ಅಂದರೆ ಎಲ್ಲ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ. ಅದರ ಅಧ್ಯಕ್ಷರು ಶಾಸಕರೇ, ಡಿಪೋ ಮ್ಯಾನೇಜರೂ ಬಂದು ಕೂತಿರುತ್ತಾರೆ. ನಾನು ಇಂಥ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ. ಕೃಷಿ, ಶಿಕ್ಷಣ, ಆರೋಗ್ಯ, ಕುಡಿಯುವ ನೀರು ಎಲ್ಲ ಮುಗಿದು ಸಾರಿಗೆಯ ಸರದಿ ಬರುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. "ಬಸ್ಸಿನದೇನ್ರೀ?" "ಏನೂ ತೊಂದರೆ ಇಲ್ಲ ಸಾರ್." ಮುಂದಿನ ಇಲಾಖೆ! ಅಲ್ಲಿ ಕೇಳಬೇಕಾದದ್ದು ಇಷ್ಟೇ: ಕಳೆದ ಮೂರು ತಿಂಗಳಲ್ಲಿ ಯಾವ ರೂಟಿನ ಎಷ್ಟು ಟ್ರಿಪ್ ರದ್ದಾಗಿದೆ, ಯಾಕೆ? ಈ ಲೆಕ್ಕ ಡಿಪೋದಲ್ಲಿ ಇದ್ದೇ ಇರುತ್ತದೆ. ಕೇಳುವವರಿದ್ದಾರೆ ಅಂತ ಗೊತ್ತಾದರೆ ಶಾಲಾ ಹೊತ್ತಿನ ಟ್ರಿಪ್ಪಿಗೆ ಕತ್ತರಿ ಹಾಕುವ ಮೊದಲು ಮ್ಯಾನೇಜರ್ ಒಂದು ಸಲ ಯೋಚಿಸುತ್ತಾರೆ.

ತಂಗುದಾಣದ ದುಡ್ಡು ದಂಡ ಅಂತ ಬರೆದಿದ್ದೀರಿ. ಅದೊಂದನ್ನು ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಮಗು ಎತ್ತಿಕೊಂಡು ಮರದ ಕೆಳಗೆ ನಿಂತವರನ್ನು ಕೇಳಿ ನೋಡಿ. ಸೂರು ಬೇಕು, ಒಂದು ದೀಪವೂ ಬೇಕು. ಗ್ರಾನೈಟ್ ಬೇಕಿರಲಿಲ್ಲ. ನಿಮ್ಮೂರೊಳಗೆ ಬಸ್ಸು ತಿರುಗಿಸಲು ಜಾಗ ಸಾಲದು, ಮೋರಿ ಕುಸಿದಿದೆ ಅಂತ ನೀವೇ ಬರೆದಿದ್ದೀರಲ್ಲ. ಉಳಿಸಿದ ದುಡ್ಡನ್ನು ಅಲ್ಲಿಗೆ ಹಾಕಿದ್ದರೆ ಬಸ್ಸು ಗೇಟಿನಲ್ಲೇ ನಿಲ್ಲದೆ ಊರೊಳಗೇ ಬರುತ್ತಿತ್ತು.

ಬೆಂಗಳೂರಿನವರಿಗೆ ಎಲ್ಲ ಸಿಗುತ್ತದೆ ಅನ್ನುವ ನಿಮ್ಮ ಮಾತಿಗೂ ಒಂದು ಸಾಲು. ಅಲ್ಲಿನ 148 ಕಿ.ಮೀ. ಉಪನಗರ ರೈಲು ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಅಂದಾಜು 15,767 ಕೋಟಿ. ಕೇಂದ್ರ ಶೇ 20, ರಾಜ್ಯ ಶೇ 20, ಮಿಕ್ಕಿದ್ದು ಸಾಲ. ಐದು ವರ್ಷ ಕಳೆದರೂ ಒಂದು ರೈಲು ಓಡಿರಲಿಲ್ಲ. ಅವರೂ ಕಾಯುವವರೇ.

ಈಗ ನೀವು ಮಾಡಬಹುದಾದ ಕೆಲಸ. ಕಾಲೇಜಿನ ಹುಡುಗಿಯರ ಕೈಲಿ ಒಂದು ನೋಟ್‌ಬುಕ್ ಕೊಟ್ಟು, ಬಸ್ಸು ಬಾರದ ದಿನ, ನಿಲ್ಲಿಸದೆ ಹೋದ ದಿನ ತಾರೀಖು, ಹೊತ್ತು ಬರೆದಿಡಲು ಹೇಳಿ. ತಿಂಗಳಾದ ಮೇಲೆ ಅದರ ಜೆರಾಕ್ಸನ್ನು ಪ್ರಾಂಶುಪಾಲರ ಸಹಿ ಹಾಕಿಸಿ ಶಾಸಕರ ಕಚೇರಿಗೂ ವಿಭಾಗೀಯ ನಿಯಂತ್ರಣಾಧಿಕಾರಿಗೂ ಕೊಡಿ, ಸ್ವೀಕೃತಿ ತಗೊಳ್ಳಿ. ಮುಂದಿನ ಕೆಡಿಪಿ ಸಭೆ ಯಾವತ್ತು ಅಂತ ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ, ಅದಕ್ಕೆ ಒಂದು ವಾರ ಮೊದಲೇ ಇದು ಆಗಲಿ. ಏನು ಉತ್ತರ ಬಂತು ಅಂತ ನಮಗೂ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.

— ಸಂಪಾದಕ